ಕೀನ್ಯಾದ ಬಡ ಕುಟುಂಬಗಳ ನಡುವೆ ಸ್ವಯಂಸೇವೆ: ಹೊರಡುವವರಿಗೆ ಕೈಪಿಡಿ

ಆಫ್ರಿಕಾಕ್ಕೆ ಹೋಗಿ ಒಂದಷ್ಟು ದಿನ ಸೇವೆ ಮಾಡಿ ಬರಬೇಕು ಎಂದು ಹೊರಡುವ ಬಹಳಷ್ಟು ಜನ ಮೊದಲು ಹುಡುಕುವುದು ಅನಾಥಾಶ್ರಮವನ್ನು. ದಯವಿಟ್ಟು ಅಲ್ಲಿಗೆ ಹೋಗಬೇಡಿ. ಕೀನ್ಯಾದ ಇಂಥ ಆಶ್ರಮಗಳಲ್ಲಿರುವ ಬಹುತೇಕ ಮಕ್ಕಳಿಗೆ ತಂದೆಯೋ ತಾಯಿಯೋ ಅಜ್ಜಿಯೋ ಇದ್ದಾರೆ. ಮನೆಯಲ್ಲಿ ಹೊಟ್ಟೆಗಿಲ್ಲ, ಶಾಲೆಯ ಖರ್ಚಿಗಿಲ್ಲ ಎಂದು ತಂದು ಬಿಟ್ಟವರೇ ಹೆಚ್ಚು. ಹೊರದೇಶದವರು ಬಂದು ಹಣ ಕೊಟ್ಟು ಮಕ್ಕಳನ್ನು ಎತ್ತಿ ಆಡಿಸಿದಷ್ಟೂ ಆಶ್ರಮಗಳಿಗೆ ಮಕ್ಕಳು ಬೇಕಾಗುತ್ತಾರೆ. ಅಲ್ಲಿನ ಸರ್ಕಾರ 2017ರಲ್ಲೇ ಹೊಸ ಆಶ್ರಮಗಳ ನೋಂದಣಿ ನಿಲ್ಲಿಸಿತು. ಮಕ್ಕಳನ್ನು ಮನೆಗೆ ಮರಳಿಸುವ ಹತ್ತು ವರ್ಷಗಳ ಯೋಜನೆಯನ್ನು 2022ರಲ್ಲಿ ಹೊರತಂದಿತು. ಆದ್ದರಿಂದ ನಿಮ್ಮ ಸಮಯ ಸಲ್ಲಬೇಕಾದದ್ದು ಕುಟುಂಬಕ್ಕೆ: ಮಗು ಮನೆಯಲ್ಲೇ ಉಳಿಯುವಂತೆ ತಾಯಿಯ ಕೈ ಬಲಪಡಿಸುವ ಕೆಲಸಕ್ಕೆ.

ಈ ಬರಹದಲ್ಲಿ ಪಶ್ಚಿಮ ಕೀನ್ಯಾವನ್ನು, ಅಂದರೆ ವಿಕ್ಟೋರಿಯಾ ಸರೋವರದ ದಡದ ಕಿಸುಮು ಸುತ್ತಿನ ಹಳ್ಳಿಗಳನ್ನು ಮುಖ್ಯವಾಗಿ ಇಟ್ಟುಕೊಂಡಿದ್ದೇವೆ. ಲುವೊ ಜನರ ನಾಡು ಅದು. ನೈರೋಬಿಗೆ ಹೋಗುವವರಿಗೂ ಬಹುಪಾಲು ಅನ್ವಯಿಸುತ್ತದೆ.

ಸಂಸ್ಥೆಯನ್ನು ಆರಿಸುವಾಗ

ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೇಳದ ಸಂಸ್ಥೆಯನ್ನು ಅಲ್ಲೇ ಬಿಟ್ಟುಬಿಡಿ. ನಿಮ್ಮನ್ನು ವಿಚಾರಿಸದೆ ಒಳಗೆ ಬಿಡುವವರು ಎಲ್ಲರನ್ನೂ ಹಾಗೇ ಬಿಡುತ್ತಾರೆ. ಈ ಸರ್ಟಿಫಿಕೇಟಿಗೆ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲೇ ಅರ್ಜಿ ಹಾಕಬಹುದು.

ಬಳಿಕ ನಾಲ್ಕು ಪ್ರಶ್ನೆ ಕೇಳಿ, ಉತ್ತರ ಬರಹದಲ್ಲಿ ತರಿಸಿಕೊಳ್ಳಿ. ನಾನು ಮಾಡುವ ಕೆಲಸವನ್ನು ಈಗ ಯಾರು ಮಾಡುತ್ತಿದ್ದಾರೆ? ನಾನು ಬಂದರೆ ಊರಿನ ಯಾರಾದರೂ ಕೂಲಿ ಕಳೆದುಕೊಳ್ಳುತ್ತಾರೆಯೇ? ನಾನು ಕಟ್ಟುವ ಹಣದಲ್ಲಿ ಊಟ ವಸತಿಗೆಷ್ಟು, ಊರಿನ ಕೆಲಸಕ್ಕೆಷ್ಟು, ಕಚೇರಿಗೆಷ್ಟು? ನಾನು ಹೋದ ಮೇಲೆ ಕೆಲಸ ಯಾರ ಕೈಗೆ? ಕೊನೆಯ ಪ್ರಶ್ನೆಗೆ ಒಬ್ಬ ವ್ಯಕ್ತಿಯ ಹೆಸರು ಬಾರದಿದ್ದರೆ ಆ ಕೆಲಸ ನಿಮ್ಮ ವಿಮಾನದ ಜೊತೆಯೇ ಹಾರಿಹೋಗುತ್ತದೆ.

ಅವಧಿ ಕನಿಷ್ಠ ಮೂರು ತಿಂಗಳಿರಲಿ. ಮೊದಲ ತಿಂಗಳು ಜನ ನಿಮ್ಮನ್ನು ನೋಡಿಕೊಳ್ಳುತ್ತಾರೆ, ನೀವು ಅವರನ್ನಲ್ಲ. ಎರಡು ವಾರಕ್ಕೆ ಹೋಗಿ ಬರುವವರಿಂದ ಆ ಮನೆಗಳಿಗೆ ಅತಿಥಿ ಸತ್ಕಾರದ ಖರ್ಚಷ್ಟೇ ಉಳಿಯುತ್ತದೆ.

ಕಾಗದ ಪತ್ರ

ಕೀನ್ಯಾ 2024ರ ಜನವರಿಯಿಂದ ವೀಸಾ ಬದಲು ಇ-ಟಿಎ ಎಂಬ ಆನ್‌ಲೈನ್ ಅನುಮತಿ ಜಾರಿಗೆ ತಂದಿದೆ. ಅನೇಕರು ಎಡವುವುದು ಇಲ್ಲೇ: ಪ್ರವಾಸಿಯೆಂದು ಪಡೆದ ಅನುಮತಿಯಲ್ಲಿ ಸಂಬಳವಿಲ್ಲದ ಕೆಲಸವನ್ನೂ ಮಾಡುವಂತಿಲ್ಲ. ಅಲ್ಪಾವಧಿಗೆ ಸ್ಪೆಷಲ್ ಪಾಸ್, ದೀರ್ಘಾವಧಿಗೆ ಧಾರ್ಮಿಕ ಮತ್ತು ದತ್ತಿ ಕೆಲಸದವರಿಗೆಂದೇ ಇರುವ ‘ಕ್ಲಾಸ್ ಐ’ ಪರ್ಮಿಟ್ ಬೇಕು. ಅದಕ್ಕೆ ಅಲ್ಲಿನ ಸಂಸ್ಥೆಯ ಪತ್ರ, ಅದರ ನೋಂದಣಿ ದಾಖಲೆ ಬೇಕಾಗುತ್ತವೆ. “ಟೂರಿಸ್ಟ್ ಅಂತ ಬನ್ನಿ, ಏನೂ ಆಗಲ್ಲ” ಎನ್ನುವ ಸಂಸ್ಥೆ ಸಿಕ್ಕಿಬಿದ್ದ ದಿನ ನಿಮ್ಮ ಪರ ನಿಲ್ಲುವುದಿಲ್ಲ.

ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳಾದರೂ ಅವಧಿ ಉಳಿದಿರಲಿ. ತಲುಪಿದ ವಾರದಲ್ಲೇ ನೈರೋಬಿಯ ಭಾರತೀಯ ಹೈಕಮಿಷನ್‌ಗೆ ನಿಮ್ಮ ವಿಳಾಸ ತಿಳಿಸಿ. ಹಳ್ಳಿಗೆ ಹೋದಾಗ ಮೊದಲು ಅಸಿಸ್ಟೆಂಟ್ ಚೀಫ್ ಅವರನ್ನು ಕಂಡು ಬರಬೇಕು. ಚೀಫ್ ಎಂದರೆ ಅಲ್ಲಿ ಬುಡಕಟ್ಟಿನ ಮುಖ್ಯಸ್ಥನಲ್ಲ, ಸರ್ಕಾರಿ ಅಧಿಕಾರಿ. ಅವರು ಕರೆಯುವ ‘ಬರಾಜ’ ಎಂಬ ಊರ ಸಭೆಯಲ್ಲಿ ನಿಮ್ಮ ಪರಿಚಯ ಆದರೆ ಅರ್ಧ ಅನುಮಾನ ಅಲ್ಲೇ ಕರಗುತ್ತದೆ.

ಆರೋಗ್ಯ: ಇಲ್ಲಿ ಉದಾಸೀನ ಬೇಡ

ಹಳದಿ ಜ್ವರದ ಲಸಿಕೆಯನ್ನು ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ, ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಳ್ಳಿ. ಲಸಿಕೆ ಹಾಕಿಸಿದ್ದಕ್ಕೆ ಕೊಡುವ ಹಳದಿ ಪುಸ್ತಕವನ್ನು ಪಾಸ್‌ಪೋರ್ಟಿನೊಳಗೇ ಇಡಿ. ಅದನ್ನು ಕೇಳುವುದು ಹೆಚ್ಚಾಗಿ ನೀವು ಭಾರತಕ್ಕೆ ಮರಳುವಾಗ: ಇಲ್ಲದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ಮೊಟ್ಟೆಯ ಅಲರ್ಜಿ ಇದ್ದರೆ, ಗರ್ಭಿಣಿಯಾಗಿದ್ದರೆ, ಅರವತ್ತು ದಾಟಿದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು. ಟೈಫಾಯ್ಡ್, ಹೆಪಟೈಟಿಸ್ ಎ, ಧನುರ್ವಾಯು ಲಸಿಕೆಗಳನ್ನೂ ವಿಚಾರಿಸಿ.

ಮಲೇರಿಯಾದ ಬಗ್ಗೆ ಕರಾವಳಿಯವರಿಗೆ ಒಂದು ಮಾತು. ಮಂಗಳೂರು ಕಡೆ ಮಲೇರಿಯಾ ಕಂಡವರು “ನಮಗೇನು ಹೊಸದೇ” ಎನ್ನುತ್ತಾರೆ. ಮಂಗಳೂರಿನಲ್ಲಿ ಹೆಚ್ಚಾಗಿ ಕಾಣುವುದು ವೈವಾಕ್ಸ್ ಎಂಬ ಬಗೆ. ಕೀನ್ಯಾದ ಸರೋವರದ ದಡದಲ್ಲಿ ಇರುವುದು ಬಹುತೇಕ ಫಾಲ್ಸಿಪಾರಂ ಎಂಬ ಬಗೆ. ಅದು ಎರಡು ಮೂರು ದಿನಗಳಲ್ಲೇ ಮಿದುಳಿಗೆ ಏರಬಲ್ಲದು, ಕ್ಲೋರೋಕ್ವಿನ್ ಮಾತ್ರೆಗೆ ಬಗ್ಗುವುದಿಲ್ಲ. ಮಲೇರಿಯಾ ಬಾರದಂತೆ ವೈದ್ಯರು ಸಾಮಾನ್ಯವಾಗಿ ಬರೆಯುವ ಮಾತ್ರೆ ಡಾಕ್ಸಿಸೈಕ್ಲಿನ್ ಅಥವಾ ಅಟೊವಾಕ್ವೋನ್-ಪ್ರೊಗ್ವಾನಿಲ್. ಎರಡನ್ನೂ ಹೊರಡುವ ಒಂದೆರಡು ದಿನ ಮೊದಲೇ ಶುರು ಮಾಡಿ ಪ್ರತಿದಿನ ತೆಗೆದುಕೊಳ್ಳಬೇಕು. ಡಾಕ್ಸಿಸೈಕ್ಲಿನ್ ಆದರೆ ಆ ಪ್ರದೇಶ ಬಿಟ್ಟ ಮೇಲೂ ನಾಲ್ಕು ವಾರ, ಇನ್ನೊಂದಾದರೆ ಏಳು ದಿನ ಮುಂದುವರಿಸಬೇಕು. ಡಾಕ್ಸಿಸೈಕ್ಲಿನ್ ತಿಂದವರಿಗೆ ಬಿಸಿಲು ಬೇಗ ಸುಡುತ್ತದೆ. ಬರಿ ಹೊಟ್ಟೆಯಲ್ಲಿ ನುಂಗಿ ತಕ್ಷಣ ಮಲಗಿದರೆ ಅನ್ನನಾಳ ಉರಿಯುತ್ತದೆ. ಊಟದ ಜೊತೆ ತುಂಬಾ ನೀರು ಕುಡಿದು ನುಂಗಿ. ಸೊಳ್ಳೆಪರದೆ ಹಾಸಿಗೆಯ ಕೆಳಗೆ ಸಿಕ್ಕಿಸುವಷ್ಟು ಉದ್ದವಿರಲಿ. ಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆ. ಪ್ಯಾರಸಿಟಮಾಲ್ ನುಂಗಿ ನಾಳೆ ನೋಡೋಣ ಎನ್ನುವುದು ಅಲ್ಲಿ ನಡೆಯುವುದಿಲ್ಲ.

ಸರೋವರದ ನೀರಿಗೆ ಕಾಲಿಡಬೇಡಿ. ಬಸವನಹುಳುವಿನಿಂದ ಬರುವ ಬಿಲ್ಹಾರ್ಜಿಯಾ ಹುಳು ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಊರವರು ಅಲ್ಲೇ ಬಟ್ಟೆ ಒಗೆಯುವುದನ್ನು ನೋಡಿ ಧೈರ್ಯ ತಂದುಕೊಳ್ಳುವುದು ತಪ್ಪು. ಬಾಡಿಗೆ ಬೈಕು, ಅಂದರೆ ‘ಬೋಡಾ ಬೋಡಾ’ ಏರುವಾಗ ಹೆಲ್ಮೆಟ್ ಇಲ್ಲದಿದ್ದರೆ ಇನ್ನೊಂದನ್ನು ಹುಡುಕಿ. ವಿಮೆ ಮಾಡಿಸುವಾಗ ವಿಮಾನದಲ್ಲಿ ಆಸ್ಪತ್ರೆಗೆ ಸಾಗಿಸುವ ಖರ್ಚೂ ಅದರಲ್ಲಿ ಇದೆಯೇ ನೋಡಿ. ಹಳ್ಳಿಯಿಂದ ನೈರೋಬಿಗೆ ರಸ್ತೆಯಲ್ಲಿ ಒಂದು ದಿನವೇ ಹಿಡಿಯುತ್ತದೆ.

ಪೆಟ್ಟಿಗೆಯಲ್ಲಿ ಏನಿರಲಿ, ಏನು ಬೇಡ

ಪ್ಲಾಸ್ಟಿಕ್ ಕವರ್ ಬೇಡವೇ ಬೇಡ. 2017ರ ಆಗಸ್ಟ್‌ನಿಂದ ಕ್ಯಾರಿಬ್ಯಾಗ್ ನಿಷೇಧವಿದೆ, ದಂಡ ಭಾರಿ. ಚಟ್ನಿಪುಡಿ, ಹುಳಿಪುಡಿ, ಉಪ್ಪಿನಕಾಯಿ ಎಲ್ಲ ಸ್ಟೀಲ್ ಡಬ್ಬಿಗೆ, ಡಬ್ಬಿಗಳು ಬಟ್ಟೆಯ ಚೀಲಕ್ಕೆ ಹೋಗಲಿ. ಪ್ಲಗ್ ಬ್ರಿಟಿಷ್ ಮಾದರಿಯ ಮೂರು ಚಪ್ಪಟೆ ಕಡ್ಡಿಯದು, ಹಾಗಾಗಿ ಅಡಾಪ್ಟರ್ ಬೇಕು. ನೈರೋಬಿಯಲ್ಲಿ ಜೂನ್, ಜುಲೈನಲ್ಲಿ ಸ್ವೆಟರ್ ಬೇಕಾಗುವಷ್ಟು ಚಳಿ, ಕಿಸುಮು ಬಿಸಿ. ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಸಣ್ಣ ಮಳೆ. ಮಳೆಯಲ್ಲಿ ಮಣ್ಣಿನ ರಸ್ತೆ ಕೆಸರಾಗುವುದರಿಂದ ಹಿಡಿತವಿರುವ ಬೂಟು ಬೇಕೇ ಬೇಕು. ಗುಂಡಿ ಪಾಯಿಖಾನೆಗಳಲ್ಲಿ ನೀರಿರುವುದಿಲ್ಲ, ಒಂದು ಚಿಕ್ಕ ಚೊಂಬು ಇಟ್ಟುಕೊಳ್ಳಿ. ಡಾಲರ್ ಒಯ್ಯುವುದಾದರೆ ಹೊಸ ನೋಟು ಒಯ್ಯಿರಿ. ಮಾಸಿದ, ಹಳೆಯ ವರ್ಷದ ನೋಟನ್ನು ಅಂಗಡಿಯವರು ಮುಟ್ಟುವುದಿಲ್ಲ.

ಹಳೆ ಬಟ್ಟೆಯ ಮೂಟೆ ಕಟ್ಟಬೇಡಿ. ‘ಮಿತುಂಬ’ ಎಂದು ಕರೆಯುವ ಬಳಸಿದ ಬಟ್ಟೆಗಳ ದೊಡ್ಡ ವ್ಯಾಪಾರವೇ ಅಲ್ಲಿದೆ. ನೈರೋಬಿಯ ಗಿಕೊಂಬಾ ಸಂತೆ ನೋಡಿದವರಿಗೆ ಇದು ಅರ್ಥವಾಗುತ್ತದೆ. ನಿಮ್ಮ ಮೂಟೆಯಿಂದ ಪೆಟ್ಟು ಬೀಳುವುದು ಅದನ್ನು ಮಾರಿ ಮನೆ ನಡೆಸುವ ಹೆಂಗಸಿಗೆ.

ಮಾತು, ಹೊತ್ತು, ಮರ್ಯಾದೆ

ಕಿಸ್ವಾಹಿಲಿ ಕನ್ನಡಿಗರ ಕಿವಿಗೆ ಪೂರ್ತಿ ಪರಕೀಯವಲ್ಲ. ಲೆಕ್ಕಕ್ಕೆ ಹೆಸಾಬು, ವಕೀಲರಿಗೆ ವಕೀಲಿ, ಸಿದ್ಧ ಎನ್ನಲು ತಯಾರಿ, ಕಾರಿಗೆ ಗಾರಿ, ಗೋಣಿಚೀಲಕ್ಕೆ ಗುನಿಯ. ಆದರೆ ಮೋಸ ಮಾಡುವ ಮಾತುಗಳೂ ಇವೆ: ಅಲ್ಲಿ ‘ಮಾಮ’ ಎಂದರೆ ತಾಯಿ, ‘ದಾದ’ ಎಂದರೆ ಅಕ್ಕ ಅಥವಾ ತಂಗಿ. ಮಕ್ಕಳಿರುವ ಹೆಂಗಸನ್ನು ಹೆಸರು ಹಿಡಿದು ಕರೆಯುವುದಿಲ್ಲ. ನಾವು ‘ರಾಜನ ಅಮ್ಮ’ ಎನ್ನುವ ಹಾಗೆ ‘ಮಾಮ’ದ ಮುಂದೆ ಮಗುವಿನ ಹೆಸರು ಸೇರಿಸುತ್ತಾರೆ. ಲುವೊ ಹಳ್ಳಿಯಲ್ಲಿ ಬೆಳಿಗ್ಗೆ ‘ಒಯಾವೊರೆ’, ಧನ್ಯವಾದಕ್ಕೆ ‘ಎರೊಕಮಾನೊ’ ಎಂದರೆ ಸಾಕು, ಮುಖ ಅರಳುತ್ತದೆ.

ಬಾಗಿಲಲ್ಲಿ ‘ಹೋದಿ?’ ಎಂದು ಕೂಗಿ, ‘ಕರೀಬು’ ಎಂಬ ಉತ್ತರ ಬರುವವರೆಗೆ ನಿಲ್ಲಿ. ಕುಶಲ ವಿಚಾರಿಸದೆ ಕೆಲಸದ ಮಾತಿಗೆ ಇಳಿಯುವುದು ಒರಟುತನ. ಮನೆಯವರು, ಮಕ್ಕಳು, ಮಳೆ, ಬೆಳೆ ಎಲ್ಲ ಮುಗಿದ ಮೇಲೆ ನಿಮ್ಮ ಫಾರಂ ತೆಗೆಯಿರಿ. ದಣಿದವರನ್ನು, ಬಿದ್ದವರನ್ನು, ಮನೆಯಲ್ಲಿ ಸಾವು ಕಂಡವರನ್ನು ನೋಡಿದಾಗ ಹೇಳುವ ಮಾತು ಒಂದೇ: ‘ಪೋಲೆ’.

ಗಂಟೆಯ ಲೆಕ್ಕದಲ್ಲಿ ಹೊಸಬರೆಲ್ಲ ಒಮ್ಮೆಯಾದರೂ ತಪ್ಪುತ್ತಾರೆ. ಸ್ವಾಹಿಲಿ ಗಂಟೆ ಬೆಳಗಾಗುವುದರಿಂದ ಶುರು. ನಮ್ಮ ಬೆಳಿಗ್ಗೆ ಏಳು ಅವರ ‘ಸಾ ಮೋಜ’, ಅಂದರೆ ಒಂದು ಗಂಟೆ. ನಮ್ಮ ಒಂಬತ್ತು ಅವರ ‘ಸಾ ತಾತು’, ಮೂರು. ನಡು ಮಧ್ಯಾಹ್ನ ‘ಸಾ ಸೀತ’, ಆರು. ಆರು ಕೂಡಿಸಿ ಅಥವಾ ಕಳೆಯಿರಿ. ಇಂಗ್ಲಿಷಿನಲ್ಲಿ ಹೇಳುವಾಗಲೂ ಕೆಲವು ಹಿರಿಯರು ಮನಸ್ಸಿನಲ್ಲಿ ಹೀಗೇ ಎಣಿಸಿ “ಮೂರಕ್ಕೆ ಬನ್ನಿ” ಎಂದುಬಿಡುತ್ತಾರೆ. ನೀವು ಮಧ್ಯಾಹ್ನ ಹೋಗುತ್ತೀರಿ, ಸಭೆ ಬೆಳಿಗ್ಗೆಯೇ ಮುಗಿದಿರುತ್ತದೆ. “ಬೆಳಗಿನ ಚಹಾ ಆದಮೇಲೋ, ಮಧ್ಯಾಹ್ನದ ಊಟ ಆದಮೇಲೋ?” ಎಂದು ಕೇಳಿ ಖಚಿತ ಮಾಡಿಕೊಳ್ಳಿ.

ಊರಲ್ಲಿ ಸಾವಾದರೆ ನಿಮ್ಮ ವೇಳಾಪಟ್ಟಿ ಬದಿಗಿಡಿ. ಲುವೊ ಜನರಲ್ಲಿ ಅಂತ್ಯಕ್ರಿಯೆ ಬಹಳ ದೊಡ್ಡದು, ದೂರದ ನೆಂಟರು ಬರುವವರೆಗೆ ದಿನಗಟ್ಟಲೆ ನಡೆಯುತ್ತದೆ, ಊರೇ ಕೈಯಾರೆ ಹಣ ಹಾಕುತ್ತದೆ. ಹೋಗಿ ಕುಳಿತು ಬನ್ನಿ, ನಿಮ್ಮ ಪಾಲನ್ನೂ ಹಾಕಿ. ಆ ದಿನ ತರಬೇತಿ ಇಟ್ಟುಕೊಂಡು ಯಾರೂ ಬರಲಿಲ್ಲ ಎಂದು ಬೇಸರಪಟ್ಟುಕೊಂಡರೆ ತಪ್ಪು ನಿಮ್ಮದೇ.

ಊಟ

ಮುದ್ದೆ ಉಂಡವರಿಗೆ ‘ಉಗಾಲಿ’ ಅರ್ಧ ಪರಿಚಿತ. ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಗಟ್ಟಿಯಾಗಿ ತಿರುವಿ ಮಾಡಿದ್ದು. ಆದರೆ ಮುದ್ದೆಯ ಹಾಗೆ ನುಂಗುವುದಲ್ಲ. ಬಲಗೈಯಲ್ಲಿ ಚೂರು ಮುರಿದು, ಉಂಡೆ ಮಾಡಿ, ಹೆಬ್ಬೆರಳಿನಿಂದ ನಡುವೆ ಗುಳಿ ಒತ್ತಿ, ಆ ಗುಳಿಯಲ್ಲಿ ಸೊಪ್ಪನ್ನು ಎತ್ತಿಕೊಂಡು ಅಗಿದು ತಿನ್ನಬೇಕು. ಊಟಕ್ಕೆ ಮೊದಲು ಮನೆಯವರು ಹೂಜಿ, ಬೋಗುಣಿ ಹಿಡಿದು ಬಂದು ಕೈಗೆ ನೀರು ಹುಯ್ಯುತ್ತಾರೆ. ಕುಳಿತಲ್ಲೇ ತೊಳೆಯಿರಿ, ಎದ್ದು ನಲ್ಲಿ ಹುಡುಕಬೇಡಿ. ರಾಗಿಯೂ ಅಲ್ಲಿದೆ. ಹೆಸರು ‘ವಿಂಬಿ’. ರಾಗಿಯ ಮೂಲ ತವರು ಪೂರ್ವ ಆಫ್ರಿಕಾದ ಎತ್ತರದ ನೆಲವೇ, ಅಲ್ಲಿಂದಲೇ ನಮ್ಮಲ್ಲಿಗೆ ಬಂದದ್ದು. ಅದರ ಗಂಜಿಗೆ ‘ಉಜಿ’ ಎನ್ನುತ್ತಾರೆ.

ಸಸ್ಯಾಹಾರಿಗಳಿಗೆ ಎಚ್ಚರಿಕೆ: “ನ್ಯಾಮ ತಿನ್ನುವುದಿಲ್ಲ” ಎಂದಷ್ಟೇ ಹೇಳಿದರೆ ಕೋಳಿ ಬರಬಹುದು. ‘ನ್ಯಾಮ’ ಎಂದಾಗ ಬಹಳ ಜನರ ಮನಸ್ಸಿಗೆ ಬರುವುದು ದನ, ಆಡಿನ ಮಾಂಸ ಮಾತ್ರ. “ಸೀಲಿ ನ್ಯಾಮ, ಕುಕು, ವಲ ಸಮಾಕಿ” ಎನ್ನಿ: ಮಾಂಸ, ಕೋಳಿ, ಮೀನು ಮೂರೂ ಇಲ್ಲ ಎಂದು. ಸರೋವರದ ಕಡೆ ‘ಒಮೆನ’ ಎಂಬ ಪುಟ್ಟ ಒಣಮೀನು ಎಲ್ಲೆಲ್ಲೂ ಇರುತ್ತದೆ. ಇದನ್ನು ಮೊದಲ ದಿನವೇ ಹೇಳಿ. ಅತಿಥಿಗೆಂದು ಕೋಳಿ ಕೊಯ್ದ ಮೇಲೆ ಬೇಡ ಎಂದರೆ ಆ ಮನೆಗೆ ನಷ್ಟವೂ ಅವಮಾನವೂ ಒಟ್ಟಿಗೇ ಆಗುತ್ತದೆ. ಚಪಾತಿ ಜೊತೆ ‘ನ್ದೆಂಗು’ (ಹೆಸರುಕಾಳಿನ ಸಾರು), ಮೆಕ್ಕೆಜೋಳ ಮತ್ತು ಹುರುಳಿಕಾಯಿ ಬೀಜ ಬೇಯಿಸಿದ ‘ಗಿತೇರಿ’, ‘ಸುಕುಮ ವಿಕಿ’ ಸೊಪ್ಪು ಇಷ್ಟರಲ್ಲಿ ತಿಂಗಳುಗಟ್ಟಲೆ ಸುಖವಾಗಿ ಉಣ್ಣಬಹುದು.

ಯಾರ ಮನೆಗೂ ಬರಿಗೈಯಲ್ಲಿ ಹೋಗಬಾರದು. ಎರಡು ಕಿಲೋ ‘ಉಂಗ’ ಅಂದರೆ ಹಿಟ್ಟಿನ ಪೊಟ್ಟಣ, ಸಕ್ಕರೆ, ಚಹಾಪುಡಿ ಸಾಕು.

ಭಾರತೀಯರೆಂಬ ಕಾರಣಕ್ಕೆ

ನಿಮ್ಮನ್ನು ಅಲ್ಲಿ ‘ಮುಹಿಂದಿ’ ಎಂದು ಗುರುತಿಸುತ್ತಾರೆ. ಆ ಮಾತಿನ ಹಿಂದೆ ನೂರು ವರ್ಷಕ್ಕೂ ಹೆಚ್ಚಿನ ಚರಿತ್ರೆಯಿದೆ. 1896ರಿಂದ 1901ರವರೆಗೆ ಮೊಂಬಾಸಾದಿಂದ ಕಿಸುಮುವರೆಗೆ ರೈಲುಹಾದಿ ಹಾಕಲು ಬ್ರಿಟಿಷರು ಸುಮಾರು 32,000 ಭಾರತೀಯ ಕೂಲಿಗಳನ್ನು ಕರೆತಂದರು. ಹಿಂದೆಯೇ ಅಂಗಡಿಕಾರರೂ ಬಂದರು. 2017ರಲ್ಲಿ ಸರ್ಕಾರ ಅಲ್ಲಿನ ಭಾರತೀಯ ಮೂಲದವರನ್ನು ದೇಶದ 44ನೇ ಸಮುದಾಯವೆಂದು ಮಾನ್ಯ ಮಾಡಿತು. ಆದರೂ ಅಂಗಡಿಯ ಯಜಮಾನ ಮತ್ತು ಕೆಲಸದಾಳು ಎಂಬ ಹಳೆಯ ನೋವು ಪೂರ್ತಿ ಮಾಸಿಲ್ಲ. ಭಾರತೀಯರ ಮನೆಗಳಲ್ಲಿ ದುಡಿದ ಎಷ್ಟೋ ಜನರಿಗೆ ಹಿಂದಿ, ಗುಜರಾತಿ ಅರ್ಥವಾಗುತ್ತದೆ. ಜನರ ಎದುರೇ ಅವರ ಬಣ್ಣದ ಬಗ್ಗೆ, ಮನೆಯ ಬಗ್ಗೆ ನಮ್ಮ ಭಾಷೆಯಲ್ಲಿ ಪಿಸುಗುಟ್ಟಬೇಡಿ. ಅವರ ತಟ್ಟೆಯಲ್ಲಿ ಊಟ, ಅವರ ಲೋಟದಲ್ಲಿ ಚಹಾ, ಅವರ ಪಕ್ಕದಲ್ಲಿ ಬೆಂಚು: ಇವುಗಳಿಗೆ ಹಿಂಜರಿದರೆ ಅವರಿಗೆ ತಕ್ಷಣ ಗೊತ್ತಾಗುತ್ತದೆ.

ಕೆಲಸ: ಒಂದು ಗೋಣಿಚೀಲದ ತೋಟ

ಜಾಗವಿಲ್ಲದ ಮನೆಗೆ ಸೊಪ್ಪು ಬೆಳೆದುಕೊಡುವ ಈ ವಿಧಾನ ಕೀನ್ಯಾದಲ್ಲಿ ಬಳಕೆಯಲ್ಲಿರುವುದೇ. ನೀವು ಕಲಿಸುವುದಕ್ಕಿಂತ, ಆಗಲೇ ಮಾಡಿದ ಹೆಂಗಸರಿಂದ ಕಲಿತು, ಮಣ್ಣು ಹೊತ್ತು, ಗಿಡ ತಂದುಕೊಟ್ಟು ನೆರವಾಗುವುದು ಸರಿ.

90 ಕಿಲೋ ಮೆಕ್ಕೆಜೋಳ ಹಿಡಿಯುವ ಒಂದು ಖಾಲಿ ಗುನಿಯ ಬೇಕು. ಗೊಬ್ಬರ, ಔಷಧ ತುಂಬಿದ್ದ ಚೀಲ ಬೇಡ. ಮೂರು ಪಾಲು ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಬೆರೆಸಿ. ಹಸಿ ಸಗಣಿ ಹಾಕಿದರೆ ಬೇರು ಸುಡುತ್ತದೆ. ದಿನಕ್ಕೆ ಅರ್ಧ ಹೊತ್ತಾದರೂ ಬಿಸಿಲು ಬೀಳುವ ಜಾಗದಲ್ಲಿ ಚೀಲ ನಿಲ್ಲಿಸಿ, ತಳಕ್ಕೆ ಒಂದು ಗೇಣು ಕಲ್ಲು ಹಾಕಿ. ತಳವೂ ಮುಚ್ಚಳವೂ ಇಲ್ಲದ ಎಣ್ಣೆ ಡಬ್ಬವನ್ನು ನಡುವೆ ನಿಲ್ಲಿಸಿ ಅದರೊಳಗೆ ಮುಷ್ಟಿ ಗಾತ್ರದ ಕಲ್ಲು, ಸುತ್ತ ಮಣ್ಣು ತುಂಬಿ. ಡಬ್ಬವನ್ನು ಮೇಲೆತ್ತಿ, ಮತ್ತೆ ತುಂಬಿ, ಮತ್ತೆ ಎತ್ತಿ. ಚೀಲದ ಬಾಯಿಯವರೆಗೆ ನಡುವೆ ಒಂದು ಕಲ್ಲಿನ ಕಂಬ ನಿಲ್ಲುತ್ತದೆ. ಇದೇ ತೋಟದ ಜೀವ. ಕಂಬವಿಲ್ಲದಿದ್ದರೆ ಹುಯ್ದ ನೀರು ಮೇಲಿನ ಗೇಣಿನಲ್ಲೇ ನಿಂತು ಮೇಲಿನ ಗಿಡ ಕೊಳೆಯುತ್ತದೆ, ಕೆಳಗಿನದು ಒಣಗುತ್ತದೆ.

ಒಂದೆರಡು ದಿನ ನೀರು ಹುಯ್ದು ಮಣ್ಣು ಕೂರಲು ಬಿಡಿ. ನಂತರ ಬದಿಗಳಲ್ಲಿ ಒಂದು ಗೇಣಿಗೆ ಒಂದರಂತೆ, ಸಾಲಿಂದ ಸಾಲಿಗೆ ಓರೆಯಾಗಿ, ಎರಡು ಬೆರಳು ತೂರುವಷ್ಟೇ ಸೀಳು ಮಾಡಿ. ದೊಡ್ಡದಾದರೆ ಮಣ್ಣು ಸುರಿದುಹೋಗುತ್ತದೆ. ನಾಲ್ಕು ವಾರದ ಸುಕುಮ ವಿಕಿ ಸಸಿಯನ್ನು ಸಂಜೆ ಹೊತ್ತು ನೆಡಿ. ದಿನಕ್ಕೆ ಐದು ಲೀಟರ್ ನೀರನ್ನು ಕಲ್ಲಿನ ಕಂಬದ ಮೇಲೆ ನಿಧಾನವಾಗಿ ಹುಯ್ಯಿರಿ, ತರಕಾರಿ ತೊಳೆದ ನೀರಾದರೂ ಸರಿ. ಸಸಿ ಹಿಡಿದ ಮೇಲೆ ಕೆಳಗಿನ ಎಲೆಗಳನ್ನಷ್ಟೇ ಮುರಿದುಕೊಳ್ಳುತ್ತಾ ಹೋದರೆ ತಿಂಗಳುಗಟ್ಟಲೆ ಸಿಗುತ್ತದೆ. ಸುಕುಮ ವಿಕಿ ಎಂದರೆ ‘ವಾರ ದೂಡು’ ಎಂದೇ ಅರ್ಥ. ಆಡು, ಕೋಳಿಗೆ ಬೇಲಿ ಕಟ್ಟದಿದ್ದರೆ ಒಂದೇ ರಾತ್ರಿಗೆ ಎಲ್ಲ ಖಾಲಿ.

ಕನ್ನಡ ನಾಡಿನಿಂದ ಹೋದವರಿಗೆ ಇನ್ನೊಂದು ಕೆಲಸ ಕೈಗೆ ಬರುತ್ತದೆ: ‘ಚಾಮ’, ಅಂದರೆ ಹೆಂಗಸರ ಉಳಿತಾಯ ಗುಂಪಿನ ಲೆಕ್ಕ ಪುಸ್ತಕ. ಸ್ತ್ರೀಶಕ್ತಿ ಸಂಘಗಳನ್ನು ಕಂಡವರಿಗೆ ಇದು ಹೊಸದಲ್ಲ. ಆದರೆ ಎಷ್ಟೋ ಗುಂಪುಗಳಲ್ಲಿ ವರ್ಷದ ಕೊನೆಗೆ ಹಣವೆಲ್ಲ ಹಂಚಿಕೊಂಡು ಪೆಟ್ಟಿಗೆ ಬರಿದು ಮಾಡುತ್ತಾರೆ, ಮೂರು ಬೀಗದ ಕೀಲಿ ಮೂವರ ಬಳಿ ಇರುತ್ತದೆ. ಡಿಸೆಂಬರ್‌ನಲ್ಲಿ ಹಂಚಿದ ಹಣ ಜನವರಿಯಲ್ಲಿ ಶುರುವಾಗುವ ಶಾಲಾ ವರ್ಷಕ್ಕೆ ಒದಗುತ್ತದೆ. “ನಮ್ಮಲ್ಲಿ ಹೀಗಲ್ಲ, ಬ್ಯಾಂಕಿಗೆ ಹಾಕಿ” ಎಂದು ಹೇಳುವ ಮೊದಲು ಆ ಕಾರಣ ತಿಳಿದುಕೊಳ್ಳಿ. ಮನೆ ಭೇಟಿಗೆ ಹೋಗುವಾಗ ನಮ್ಮ ಆಶಾ ಕಾರ್ಯಕರ್ತೆಯರಂತೆ ಅಲ್ಲಿರುವ ಕಮ್ಯುನಿಟಿ ಹೆಲ್ತ್ ಪ್ರಮೋಟರ್ ಜೊತೆ ಹೋಗಿ, ಅವರ ಹಿಂದೆ ನಿಲ್ಲಿ.

ಹಣ ಕೇಳಿದಾಗ

ಕೇಳುತ್ತಾರೆ. ಕೇಳುವುದು ತಪ್ಪಲ್ಲ, ನೀವು ಗುಟ್ಟಾಗಿ ಕೊಡುವುದು ತಪ್ಪು. ಒಂದು ಮನೆಗೆ ಕೊಟ್ಟದ್ದು ಸಂಜೆಯೊಳಗೆ ಹತ್ತು ಮನೆಗೆ ತಿಳಿಯುತ್ತದೆ, ಆ ಹೆಂಗಸು ನೆರೆಯವರಿಗೆ ಉತ್ತರ ಹೇಳಬೇಕಾಗುತ್ತದೆ. “ಸಂಸ್ಥೆಯ ಮೂಲಕವೇ ಕೊಡುತ್ತೇನೆ” ಎಂದು ಮೊದಲ ದಿನದಿಂದ ಒಂದೇ ಮಾತು ಆಡಿ. ಅಲ್ಲಿ 2003ರಿಂದ ಪ್ರಾಥಮಿಕ ಶಿಕ್ಷಣ ಉಚಿತ, ಆದರೂ ಸಮವಸ್ತ್ರ, ಬೂಟು, ಮಧ್ಯಾಹ್ನದ ಊಟಕ್ಕೆ ದುಡ್ಡಿಲ್ಲದೆ ಮಕ್ಕಳು ಮನೆಯಲ್ಲಿ ಉಳಿಯುತ್ತಾರೆ. ಇದಕ್ಕೆ ನೆರವಾಗುವುದಾದರೆ ಶಾಲೆಯ ಖಾತೆಗೆ ಕಟ್ಟಿ ರಸೀದಿಯನ್ನು ತಾಯಿಯ ಕೈಗೆ ಕೊಡಿ. ಹಣದ ವ್ಯವಹಾರ ಬಹುತೇಕ ಮೊಬೈಲಿನ ಎಂ-ಪೆಸಾದಲ್ಲಿ ನಡೆಯುತ್ತದೆ. ಪಾಸ್‌ಪೋರ್ಟ್ ತೋರಿಸಿ ಸಿಮ್ ಪಡೆದರೆ ನಿಮಗೂ ಸಿಗುತ್ತದೆ. ಊರಿಂದ ದೇಣಿಗೆ ಎತ್ತುವವರು ಗಮನಿಸಿ: ವಿದೇಶಿ ಸಂಸ್ಥೆಗೆ ಕೊಟ್ಟ ಹಣಕ್ಕೆ 80ಜಿ ತೆರಿಗೆ ರಿಯಾಯಿತಿ ಇಲ್ಲ.

ಮಕ್ಕಳ ಫೋಟೋ ತೆಗೆಯುವ ಮೊದಲು ತಾಯಿಯ ಒಪ್ಪಿಗೆ ಕೇಳಿ. ಹರಿದ ಅಂಗಿಯ, ಸಿಂಬಳದ ಮೂಗಿನ ಚಿತ್ರವನ್ನು ಯಾವ ತಾಯಿಯೂ ಮನಸಾರೆ ಒಪ್ಪುವುದಿಲ್ಲ. ಮಗುವಿಗೆ ಹಿಂಸೆ ಆಗುತ್ತಿರುವುದು ಕಂಡರೆ ನೀವೇ ಪಂಚಾಯಿತಿ ಮಾಡಬೇಡಿ: ಸಂಸ್ಥೆಗೆ ತಿಳಿಸಿ, ದೇಶದ ಮಕ್ಕಳ ಸಹಾಯವಾಣಿ 116ಕ್ಕೆ ಕರೆ ಮಾಡಿ.

ಮನಸ್ಸು ಕುಗ್ಗುವ ವಾರಗಳು

ಮೊದಲ ಹದಿನೈದು ದಿನ ಎಲ್ಲ ಚೆಂದ. ಮೂರನೇ ವಾರದಿಂದ ಆರನೇ ವಾರದ ನಡುವೆ ಬಹಳ ಜನರಿಗೆ ಸಿಡುಕು, ನಿದ್ದೆಗೇಡು, ತಾನು ಇಲ್ಲಿ ಯಾವ ಉಪಯೋಗಕ್ಕೂ ಇಲ್ಲ ಎಂಬ ಭಾವನೆ ಬರುತ್ತದೆ. ಇದು ನಿಮ್ಮ ದೌರ್ಬಲ್ಯವಲ್ಲ. ಮನೆಗೆ ದಿನಕ್ಕೆ ಮೂರು ಸಲ ವಿಡಿಯೋ ಕರೆ ಮಾಡಿದರೆ ಕಾಲು ಎರಡೂ ದಡದಲ್ಲಿ ಸಿಕ್ಕಿಕೊಳ್ಳುತ್ತದೆ. ವಾರಕ್ಕೆ ಎರಡು ಸಲ, ನಿಗದಿತ ಹೊತ್ತಿಗೆ ಮಾಡಿ. ಕೀನ್ಯಾ ನಮಗಿಂತ ಎರಡೂವರೆ ಗಂಟೆ ಹಿಂದೆ. ಭಾನುವಾರ ನಿಮಗಾಗಿ ಅನ್ನ ಸಾರು ಮಾಡಿಕೊಂಡು, ಮನೆಯವರಿಗೂ ಬಡಿಸಿ. ಖಾರ ಕಡಿಮೆ ಹಾಕಿ, ಅಲ್ಲಿನ ಅಡುಗೆಯಲ್ಲಿ ಮೆಣಸಿನಕಾಯಿ ಅಷ್ಟಾಗಿ ಇಲ್ಲ.

ಹೊರಡುವ ಮುನ್ನ

ಕೊನೆಯ ಎರಡು ವಾರ ಹೊಸದೇನೂ ಶುರು ಮಾಡಬೇಡಿ. ಲೆಕ್ಕ ಪುಸ್ತಕವನ್ನು ಚಾಮದ ಕಾರ್ಯದರ್ಶಿ ನಿಮ್ಮೆದುರು ಎರಡು ಸಲ ತಾನೇ ಬರೆಯಲಿ, ನೀವು ಪೆನ್ನು ಮುಟ್ಟಬೇಡಿ. ಮತ್ತೆ ಬರುತ್ತೇನೆ, ನಿನ್ನನ್ನು ಓದಿಸುತ್ತೇನೆ ಎಂದು ಮಕ್ಕಳಿಗೆ ಮಾತು ಕೊಡಬೇಡಿ. ಅವರು ದಿನ ಎಣಿಸುತ್ತಾರೆ. ಸೊಳ್ಳೆಪರದೆ, ಬೂಟು, ಚೊಂಬು ಬಿಟ್ಟು ಬರುವುದಾದರೆ ಸಂಸ್ಥೆಗೆ ಕೊಡಿ, ಬೇಕಾದವರಿಗೆ ಸಂಸ್ಥೆಯವರೇ ಹಂಚಲಿ.

ಊರಿಗೆ ಬಂದ ಮೇಲೂ ಮಲೇರಿಯಾ ಮಾತ್ರೆಯ ಅವಧಿ ಮುಗಿಸಿ. ಒಂದು ವರ್ಷದೊಳಗೆ ಯಾವಾಗ ಜ್ವರ ಬಂದರೂ ವೈದ್ಯರು ಕೇಳುವ ಮೊದಲೇ “ಕೀನ್ಯಾದಲ್ಲಿದ್ದೆ” ಎಂದು ಹೇಳಿ, ಮಲೇರಿಯಾ ಪರೀಕ್ಷೆ ಮಾಡಿಸಿಕೊಳ್ಳಿ.